ನಾಯಿಗೂ ಒಂದು ಕಲ್ಲು: ಸತ್ತವರ ಗುರುತುಗಳನ್ನ ಓದೋದು ಹೇಗೆ?

ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.



ನೀವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯವರಾಗಿದ್ರೆ ಇದನ್ನ ಖಂಡಿತ ನೋಡಿರ್ತೀರ. ಕೆರೆ ಏರಿ ಪಕ್ಕ, ಅರಳಿಕಟ್ಟೆ ಹಿಂದೆ, ಇಲ್ಲಾಂದ್ರೆ ಯಾರದೋ ಹೊಲದ ಬದುವಿನಲ್ಲಿ ಅರ್ಧ ಹೂತುಹೋಗಿರೋ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಬಿಲ್ಲು ಹಿಡಿದ ಒಬ್ಬ ಮನುಷ್ಯ. ಕೆಲವು ಕಡೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರು ಮಾಡಿರ್ತಾರೆ. ಕೆಲವು ಕಡೆ ಅದೇ ಕಲ್ಲಿನ ಮೇಲೆ ಬಟ್ಟೆ ಒಗೀತಾ ಇರ್ತಾರೆ.

ಅದು ಯಾರೋ ಸತ್ತಿದ್ದಕ್ಕೆ ನಿಲ್ಲಿಸಿದ ಕಲ್ಲು. ಸಾವಿರ ವರ್ಷದ ಹಿಂದೆ ಆ ಊರಲ್ಲಿ ಏನೋ ಒಂದು ನಡೀತು, ಒಬ್ಬ ಸತ್ತ, ಉಳಿದವರು ಅದನ್ನ ಮರೀಬಾರದು ಅಂತ ಕಲ್ಲು ನಿಲ್ಲಿಸಿದ್ರು. ಆಮೇಲೆ ನಾವು ಮರೆತುಬಿಟ್ವಿ.

ಇವತ್ತಿನ ವಿಷಯ ಅದೇ. ಹಳೆ ಕಾಲದ ಜನ ಸಾವನ್ನ ಹೇಗೆ ಎದುರಿಸ್ತಿದ್ರು, ಹೆಣವನ್ನ ಏನು ಮಾಡ್ತಿದ್ರು, ಯಾರನ್ನ ನೆನಪಿಟ್ಕೊಳ್ತಿದ್ರು, ಇದನ್ನೆಲ್ಲ ಇವತ್ತು ಓದೋದು ಹೇಗೆ? ಪ್ರಪಂಚದಲ್ಲಿ ಈ ಓದು ತುಂಬ ಚೆನ್ನಾಗಿ ಬೆಳೆದಿರೋದು ಪ್ರಾಚೀನ ಗ್ರೀಸ್ ವಿಷಯದಲ್ಲಿ. ಹಾಗಾಗಿ ಮೊದಲು ಅಲ್ಲಿಗೆ ಒಂದು ಸುತ್ತು ಹೋಗಿ ಬರೋಣ. ಆಮೇಲೆ ನಮ್ಮೂರು.

ಅಥೆನ್ಸ್‌ನಲ್ಲಿ ಒಂದು ಸಾವಾದ್ರೆ

ಎರಡೂವರೆ ಸಾವಿರ ವರ್ಷದ ಹಿಂದೆ ಅಥೆನ್ಸ್ ಪಟ್ಟಣದಲ್ಲಿ ಒಬ್ಬರು ತೀರಿಕೊಂಡ್ರು ಅಂದ್ಕೊಳ್ಳಿ. ಮನೆ ಹೆಂಗಸರು ದೇಹಕ್ಕೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ, ಬಟ್ಟೆ ಹೊದಿಸಿ ಮಂಚದ ಮೇಲೆ ಮಲಗಿಸ್ತಿದ್ರು. ನೆಂಟರು ಬಂದು ನೋಡಿ ಅಳೋರು. ಮೂರನೇ ದಿನ ಬೆಳಕು ಹರಿಯೋ ಮುಂಚೆ ಮೆರವಣಿಗೆಯಲ್ಲಿ ಊರಾಚೆಗೆ ತಗೊಂಡು ಹೋಗ್ತಿದ್ರು. ಹೂಳೋದೂ ಇತ್ತು, ಸುಡೋದೂ ಇತ್ತು. ಆಮೇಲೆ ಸಮಾಧಿ ಹತ್ರ ಹಾಲು, ಜೇನು, ದ್ರಾಕ್ಷಾರಸ ಸುರಿಯೋರು. ಮೂರನೇ ದಿನ, ಒಂಬತ್ತನೇ ದಿನ, ಮೂವತ್ತನೇ ದಿನ ಅಂತ ಕಾರ್ಯಗಳಿದ್ವು. ಕೆಲವು ಕಡೆ ಹೆಣದ ಬಾಯಲ್ಲಿ ಒಂದು ನಾಣ್ಯ ಇಡೋರು, ಆಚೆ ಲೋಕದ ನದಿ ದಾಟಿಸೋ ಅಂಬಿಗನಿಗೆ ಕೂಲಿ ಅಂತ.

ನಮ್ಮ ಕಡೆ ಮೂರನೇ ದಿನದ ಹಾಲುತುಪ್ಪ, ಹಣೆಗೆ ಅಂಟಿಸೋ ನಾಣ್ಯ, ದಾರಿಯುದ್ದಕ್ಕೂ ಎರಚೋ ಪುರಿ, ಹನ್ನೊಂದನೇ ದಿನದ ತಿಥಿ ಎಲ್ಲ ನೆನಪಾಯ್ತಲ್ವಾ? ಆದ್ರೆ ಇಲ್ಲಿ ಒಂದು ಎಚ್ಚರ ಬೇಕು. ಎರಡು ಕಡೆ ಒಂದೇ ಥರ ಇದೆ ಅಂದ ಮಾತ್ರಕ್ಕೆ ಅವರಿಂದ ನಾವು ಕಲಿತ್ವಿ, ನಮ್ಮಿಂದ ಅವರು ಕಲಿತ್ರು ಅನ್ನೋದಕ್ಕೆ ಆಗಲ್ಲ. ಸಾವು ಎಲ್ಲ ಕಡೆ ಇದೆ. ದುಃಖಕ್ಕೆ ಒಂದು ದಿನಚರಿ ಬೇಕು. ಆ ದಿನಚರಿಯನ್ನ ಒಬ್ಬೊಬ್ಬರು ತಮ್ಮ ಕೈಲಿದ್ದ ಹಾಲು, ಅಕ್ಕಿ, ಜೇನಲ್ಲಿ ಮಾಡ್ಕೊಂಡ್ರು.

ಅಥೆನ್ಸ್‌ನ ಹಳೇ ಸ್ಮಶಾನದ ಹೆಸರು ಕೆರಮೈಕೋಸ್. ಕುಂಬಾರರ ಕೇರಿ ಅದು. ಅಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಉತ್ಖನನ ನಡೀತಿದೆ. ಅಲ್ಲಿ ಸಿಕ್ಕ ಕಲ್ಲುಗಳಲ್ಲಿ ಒಂದು ಡೆಕ್ಸಿಲಿಯೋಸ್ ಅನ್ನೋ ಹುಡುಗನದು. ಕುದುರೆ ಮೇಲೆ ಕೂತು, ಕೆಳಗೆ ಬಿದ್ದ ಶತ್ರುವಿನ ಮೇಲೆ ಈಟಿ ಎತ್ತಿರೋ ಚಿತ್ರ. ಕ್ರಿಸ್ತಪೂರ್ವ 394ರಲ್ಲಿ ಕೊರಿಂಥ್ ಹತ್ರ ನಡೆದ ಯುದ್ಧದಲ್ಲಿ ಸತ್ತ. ಅವನು ಹುಟ್ಟಿದ ವರ್ಷ, ಸತ್ತ ವರ್ಷ ಎರಡನ್ನೂ ಕಲ್ಲಲ್ಲಿ ಬರೆಸಿದ್ದಾರೆ. ಲೆಕ್ಕ ಹಾಕಿದ್ರೆ ವಯಸ್ಸು ಸುಮಾರು ಇಪ್ಪತ್ತು.

ಸ್ವಾರಸ್ಯ ಇರೋದು ಇಲ್ಲಿ. ಆ ಕಲ್ಲಲ್ಲಿ ಅವನು ಸಾಯ್ತಾ ಇಲ್ಲ, ಗೆಲ್ತಾ ಇದ್ದಾನೆ. ಮತ್ತೆ ಆ ಕಲ್ಲಿನ ಕೆಳಗೆ ಅವನ ದೇಹ ಬಹುಶಃ ಇಲ್ಲ, ಯಾಕಂದ್ರೆ ಯುದ್ಧದಲ್ಲಿ ಸತ್ತವರನ್ನ ಅಥೆನ್ಸ್ ಸರ್ಕಾರವೇ ಒಟ್ಟಿಗೆ ಸಮಾಧಿ ಮಾಡ್ತಿತ್ತು. ಈ ಕಲ್ಲು ಮನೆಯವರು ಬೇರೆಯಾಗಿ ನಿಲ್ಲಿಸಿದ್ದು.

ಇದರಿಂದ ಸಾವಿನ ಗುರುತು ಓದೋರು ಕೇಳೋ ಮೂರು ಪ್ರಶ್ನೆ ಸಿಗುತ್ತೆ. ದೇಹ ಎಲ್ಲಿದೆ? ಖರ್ಚು ಯಾರದು? ಹೆಸರು ಯಾರದು, ಯಾರ ಹೆಸರು ಇಲ್ಲ? ಈ ಮೂರನ್ನ ಜೇಬಲ್ಲಿ ಇಟ್ಕೊಂಡು ನಮ್ಮೂರಿಗೆ ಬರೋಣ.

ದೇಹ ಎಲ್ಲಿದೆ?

ಕರ್ನಾಟಕದಲ್ಲಿ ಸಾವಿನ ಅತಿ ಹಳೆಯ ದೊಡ್ಡ ಗುರುತುಗಳು ಅಂದ್ರೆ ಬೃಹತ್ ಶಿಲಾಯುಗದ ಸಮಾಧಿಗಳು. ಕಬ್ಬಿಣ ಬಳಸೋಕೆ ಶುರು ಮಾಡಿದ ಜನ, ಇವತ್ತಿಗೆ ಎರಡರಿಂದ ಮೂರು ಸಾವಿರ ವರ್ಷದ ಹಿಂದೆ. ಭಾರೀ ಚಪ್ಪಡಿಗಳನ್ನ ನಿಲ್ಲಿಸಿ ಮನೆ ಥರ ಕಟ್ಟಿರ್ತಾರೆ, ಮೇಲೊಂದು ಚಪ್ಪಡಿ ಮುಚ್ಚಿರ್ತಾರೆ. ಕೆಲವು ಕಡೆ ನೆಲದ ಮೇಲೆ ಬರೀ ಗುಂಡುಕಲ್ಲಿನ ವೃತ್ತ ಕಾಣುತ್ತೆ, ಕೋಣೆ ಕೆಳಗಿರುತ್ತೆ. ಜನರ ಬಾಯಲ್ಲಿ ಇವು ಪಾಂಡವರ ಮನೆ, ಇಲ್ಲಾ ಮೋರ್ಯರ ಮನೆ. ಇಷ್ಟು ದೊಡ್ಡ ಕಲ್ಲನ್ನ ಮಾಮೂಲಿ ಮನುಷ್ಯರು ಎತ್ತಿರೋಕೆ ಸಾಧ್ಯವಿಲ್ಲ ಅಂತ ನಮ್ಮ ಹಿರೀಕರಿಗೆ ಅನ್ನಿಸಿತ್ತು, ಅಷ್ಟೆ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಗುಡ್ಡದ ಮೇಲೆ ಇಂಥವು ನೂರಾರು ಇವೆ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಅದರ ಹೆಸರಿದೆ. ನಮಗೆ ಹತ್ತಿರದವು ಬೇಕಾ? ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗೋ ಹೆದ್ದಾರಿಯಲ್ಲೇ ಬರೋ ಚಿಕ್ಕಜಾಲ ಇಂಥದ್ದೇ ಜಾಗ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಮೈಸೂರಿನ ವಿದ್ವಾಂಸ ಎಂ. ಶೇಷಾದ್ರಿಯವರು ಉತ್ಖನನ ಮಾಡಿಸಿದ್ರು.

ಒಳಗೆ ಏನು ಸಿಗುತ್ತೆ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಂಡದ್ದು ಹೀಗಿತ್ತು: ಗ್ರಾನೈಟ್ ಚಪ್ಪಡಿಯ ಕೋಣೆ, ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ, ಒಳಗೆ ಕಪ್ಪು ಮತ್ತು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಸಾಮಾನು, ಮತ್ತೆ ಮೂಳೆಗಳು. ಆದ್ರೆ ಮೂಳೆಗಳು ಪೂರ್ತಿ ಅಸ್ಥಿಪಂಜರವಾಗಿ ಮಲಗಿರಲಿಲ್ಲ, ಬಿಡಿಬಿಡಿಯಾಗಿದ್ವು. ಒಬ್ಬರಿಗಿಂತ ಹೆಚ್ಚು ಜನರದ್ದೂ ಇದ್ವು.

ಇದನ್ನ ಓದೋದು ಹೇಗೆ? ಮೂಳೆ ಬಿಡಿಯಾಗಿದೆ ಅಂದ್ರೆ ದೇಹವನ್ನ ಮೊದಲು ಬೇರೆಲ್ಲೋ ಬಿಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನ ಆರಿಸಿ ತಂದು ಇಲ್ಲಿ ಇಟ್ಟಿದ್ದಾರೆ. ಅಂದ್ರೆ ಸಾವು ಒಂದೇ ದಿನದ ಕಾರ್ಯ ಆಗಿರಲಿಲ್ಲ, ತಿಂಗಳುಗಟ್ಟಲೆ ನಡೀತಿತ್ತು. ಕಿಂಡಿ ಇದೆ ಅಂದ್ರೆ ಮುಚ್ಚಿದ ಕೋಣೆಯನ್ನ ಮತ್ತೆ ಬಳಸೋ ಯೋಚನೆ ಇದ್ದಿರಬಹುದು. ಗ್ರೀಸ್‌ನಲ್ಲೂ ಅದಕ್ಕಿಂತ ಹಳೆಯ ಮೈಸೀನಿಯನ್ ಕಾಲದ ಗುಹಾ ಸಮಾಧಿಗಳಲ್ಲಿ ಒಂದೇ ಕುಟುಂಬದ ತಲೆಮಾರುಗಳ ಮೂಳೆ ಸಿಗುತ್ತೆ. ಹೊಸ ಹೆಣ ಬಂದಾಗ ಹಳೇ ಮೂಳೆಗಳನ್ನ ಪಕ್ಕಕ್ಕೆ ಸರಿಸಿ ಜಾಗ ಮಾಡಿದ್ದಾರೆ.

ಇದಕ್ಕೂ ಹಿಂದಿನ ನವಶಿಲಾಯುಗದಲ್ಲಿ ನಮ್ಮಲ್ಲಿ ಎಳೆ ಮಕ್ಕಳನ್ನ ಮಡಕೆಯೊಳಗಿಟ್ಟು ಹೂಳ್ತಿದ್ರು. ಬ್ರಹ್ಮಗಿರಿಯಲ್ಲಿ ಅಂಥ ಮಡಕೆಗಳು ಸಿಕ್ಕಿವೆ. ಗ್ರೀಸ್‌ನ ಅಸ್ಟಿಪಾಲೇಯಾ ಅನ್ನೋ ದ್ವೀಪದಲ್ಲಂತೂ ಮಡಕೆಗಳಲ್ಲಿ ಹೂತ 2700ಕ್ಕೂ ಹೆಚ್ಚು ಶಿಶುಗಳ ಅವಶೇಷ ಸಿಕ್ಕಿವೆ. ಕೂಸು ಸತ್ತರೆ ದೊಡ್ಡವರ ಹಾಗೆ ಮಾಡದೆ ಬೇರೆ ಥರ ಮಾಡೋದು ಇವತ್ತಿಗೂ ನಮ್ಮ ಊರುಗಳಲ್ಲಿ ಇದೆ. ದೊಡ್ಡವರನ್ನ ಸುಡೋ ಮನೆತನಗಳೂ ಕೂಸನ್ನ ಮಣ್ಣು ಮಾಡ್ತಾರೆ.

ಸರಿ, ಇದು ದೇಹ ಇರೋ ಗುರುತು. ಈಗ ದೇಹ ಇಲ್ಲದ ಗುರುತಿಗೆ ಬರೋಣ.

ಕಲ್ಲನ್ನ ಕೆಳಗಿಂದ ಮೇಲಕ್ಕೆ ಓದಿ

ವೀರಗಲ್ಲು ಅಂದ್ರೆ ಸಮಾಧಿ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ಅದು ನೆನಪಿನ ಕಲ್ಲು. ಅದರ ಕೆಳಗೆ ಅಗೆದ್ರೆ ಮೂಳೆ ಸಿಗಲೇಬೇಕು ಅಂತೇನಿಲ್ಲ, ನಿಧಿಯಂತೂ ಸಿಗಲ್ಲ. ಈ ಮಾತನ್ನ ದಯವಿಟ್ಟು ಊರಲ್ಲಿ ನಾಲ್ಕು ಜನಕ್ಕೆ ಹೇಳಿ. ನಿಧಿ ಆಸೆಗೆ ಬುಡ ಅಗೆದು ಉರುಳಿಸಿದ ಕಲ್ಲುಗಳಿಗೆ ಲೆಕ್ಕವಿಲ್ಲ.

ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಅಂತಸ್ತು ಇರುತ್ತೆ. ಓದೋದು ಕೆಳಗಿಂದ ಮೇಲಕ್ಕೆ. ಕೆಳಗಡೆ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವೊಮ್ಮೆ ದನಗಳ ಹಿಂಡು. ನಡುವೆ ಸತ್ತ ವೀರನನ್ನ ಅಪ್ಸರೆಯರು ಎರಡೂ ಕಡೆಯಿಂದ ಹಿಡ್ಕೊಂಡು ಮೇಲಕ್ಕೆ ಕರ್ಕೊಂಡು ಹೋಗ್ತಾ ಇರೋದು. ಮೇಲ್ಗಡೆ ವೀರ ಶಿವಲಿಂಗದ ಎದುರು ಕೂತಿರ್ತಾನೆ, ಪಕ್ಕದಲ್ಲಿ ಪೂಜೆ ಮಾಡೋ ಅರ್ಚಕ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರೋವರೆಗೂ ಈ ಹೆಸರು ಇರಲಿ ಅಂತ. ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಮೂರು ಸ್ಲೈಡ್ ಬಂದ ಹಾಗೆ, ಓದು ಬಾರದವರಿಗೂ ಕಥೆ ಅರ್ಥ ಆಗುತ್ತೆ. ಎಲ್ಲ ಕಲ್ಲಲ್ಲೂ ಮೂರೇ ಇರಲ್ಲ. ಹಳೆಯವುಗಳಲ್ಲಿ ಬರೀ ಒಂದೇ ಚಿತ್ರ ಇರೋದೂ ಉಂಟು.

ಯಾಕೆ ಸತ್ತ ಅನ್ನೋದಕ್ಕೂ ಶಾಸನಗಳಲ್ಲಿ ಬೇರೆಬೇರೆ ಪದ ಇದೆ. ದನ ಹೊಡೆದುಕೊಂಡು ಹೋಗೋರನ್ನ ತಡೆಯೋಕೆ ಹೋಗಿ ಸತ್ತರೆ ತುರುಗೊಳ್. ಊರು ಹಾಳಾಗೋ ಹೊತ್ತಲ್ಲಿ ಸತ್ತರೆ ಊರಳಿವು. ಹೆಂಗಸರ ಮಾನ ಕಾಯೋಕೆ ಹೋಗಿ ಸತ್ತರೆ ಪೆಣ್ಬುಯ್ಯಲ್. ಹುಲಿ, ಹಂದಿ ಜೊತೆ ಹೋರಾಡಿ ಸತ್ತವರ ಕಲ್ಲುಗಳೂ ಇವೆ. ಈ ಪದಗಳನ್ನ ನೋಡಿದ್ರೆ ಒಂದು ವಿಷಯ ಹೊಳೆಯುತ್ತೆ. ಇದು ರಾಜರ ಚರಿತ್ರೆ ಅಲ್ಲ. ಅವತ್ತು ಹಳ್ಳಿಯ ಆಸ್ತಿ ಅಂದ್ರೆ ದನ. ಅದು ಹೋದ್ರೆ ಊರೇ ಹೋದ ಹಾಗೆ. ಅದಕ್ಕೇ ದನ ಉಳಿಸೋಕೆ ಹೋಗಿ ಸತ್ತವನಿಗೆ ಸ್ವರ್ಗ ಕೊಟ್ಟು ಕಲ್ಲು ನಿಲ್ಲಿಸಿದ್ರು.

ನಮ್ಮ ಭಾಗದಲ್ಲಿ ಇಂಥ ಕಲ್ಲು ಯಾಕೆ ಜಾಸ್ತಿ? ಈ ನೆಲ ನಾಲ್ಕು ಕಡೆಯವರ ಗಡಿ ಆಗಿತ್ತು. ಗಂಗರು, ಬಾಣರು, ನೊಳಂಬರು, ವೈದುಂಬರು. ಒಂಬತ್ತನೇ ಶತಮಾನದ ಸುಮಾರಿಗೆ ಇವರೆಲ್ಲ ಒಬ್ಬರ ಮೇಲೊಬ್ಬರು ಬೀಳ್ತಾನೇ ಇದ್ರು. ಸೋರೆಮಡಿ ಅನ್ನೋ ಕಡೆ ನಡೆದ ಕಾಳಗದ ಹೆಸರು ಈ ಸೀಮೆಯ ಹಲವು ವೀರಗಲ್ಲುಗಳಲ್ಲಿ ಬರುತ್ತೆ. ಆ ಕಾಳಗದ ಬಗ್ಗೆ ಅರಮನೆಯವರು ಗ್ರಂಥ ಬರೆದಿಟ್ಟಿಲ್ಲ. ಸತ್ತವರ ಊರಿನವರು ಕಲ್ಲು ನಿಲ್ಲಿಸಿದ್ದಕ್ಕೆ ನಮಗೆ ಗೊತ್ತು.

1905ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಹೊರತಂದ್ರು. ಅದು ಕೋಲಾರ ಜಿಲ್ಲೆಯ ಶಾಸನಗಳ ಪುಸ್ತಕ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ ತಾನೇ? ಹಾಗಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳೆಲ್ಲ ಅದೇ ಸಂಪುಟದಲ್ಲಿ ತಾಲ್ಲೂಕುವಾರು ಇವೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ನಿಮ್ಮ ಊರಿನ ಹೆಸರು ಹುಡುಕಿ ನೋಡಿ. ಇದ್ರೆ, ಆ ಕಲ್ಲು ಇವತ್ತು ಎಲ್ಲಿದೆ ಅಂತ ಹೋಗಿ ನೋಡಿ. ಈ ಎರಡನೇ ಕೆಲಸ ಮೊದಲನೇದಕ್ಕಿಂತ ಕಷ್ಟ.

ಖರ್ಚು ಯಾರದು?

ನಾನು ಓದಿದ್ದು ಕಾಮರ್ಸ್. ಹಾಗಾಗಿ ಕಲ್ಲು ನೋಡಿದ ತಕ್ಷಣ ನನಗೆ ಬರೋ ಪ್ರಶ್ನೆ ಇದು: ಬಿಲ್ ಕಟ್ಟಿದ್ದು ಯಾರು?

ಕಲ್ಲು ತರಿಸಬೇಕು, ಶಿಲ್ಪಿಗೆ ಕೂಲಿ ಕೊಡಬೇಕು, ಅಕ್ಷರ ಕೊರೆಸಬೇಕು. ಬಹಳಷ್ಟು ಶಾಸನಗಳು ಇಲ್ಲಿಗೇ ನಿಲ್ಲಲ್ಲ. ಸತ್ತವನ ಮನೆಯವರಿಗೆ ಇಷ್ಟು ಗದ್ದೆ ಕೊಟ್ಟೆವು ಅಂತಲೂ ಹೇಳುತ್ವೆ. ಅದಕ್ಕೆ ಕಲ್ನಾಡು, ನೆತ್ತರುಕೊಡಗೆ ಅಂತೆಲ್ಲ ಹೆಸರು. ನೆತ್ತರುಕೊಡಗೆ, ರಕ್ತಕ್ಕೆ ಕೊಟ್ಟ ಭೂಮಿ. ಇವತ್ತಿನ ಭಾಷೆಯಲ್ಲಿ ಇದು ಪರಿಹಾರ ಧನ ಮತ್ತು ಕುಟುಂಬ ಪಿಂಚಣಿ ಎರಡೂ. ಕಲ್ಲಿನ ಮೇಲೆ ಬರೆಸಿದ್ದು ಯಾಕೆ ಅಂದ್ರೆ ನಾಳೆ ಯಾರೂ ಆ ಗದ್ದೆಯನ್ನ ಕಿತ್ಕೋಬಾರದು. ಒಂದು ಕಡೆ ಸ್ವರ್ಗದ ಚಿತ್ರ, ಇನ್ನೊಂದು ಕಡೆ ಜಮೀನಿನ ಪತ್ರ.

ಇದರಲ್ಲಿ ಇನ್ನೊಂದು ಮುಖವೂ ಇದೆ. ಸತ್ತರೆ ಸ್ವರ್ಗ, ಮನೆಗೆ ಗದ್ದೆ, ಊರ ಮುಂದೆ ಕಲ್ಲು. ಇದನ್ನ ದಿನಾ ನೋಡ್ತಾ ಬೆಳೆಯೋ ಹುಡುಗನಿಗೆ ಆ ಕಲ್ಲು ಏನು ಹೇಳ್ತಿತ್ತು? ಮುಂದಿನ ಸಲ ನೀನು ಹೋಗು ಅಂತಾನೇ ಅಲ್ವಾ? ಅಥೆನ್ಸ್‌ನವರು ಮ್ಯಾರಥಾನ್ ಯುದ್ಧದಲ್ಲಿ, ಕ್ರಿಸ್ತಪೂರ್ವ 490ರಲ್ಲಿ, ಸತ್ತ ತಮ್ಮ 192 ಜನರನ್ನ ರಣರಂಗದಲ್ಲೇ ಒಂದು ಮಣ್ಣಿನ ದಿಬ್ಬದಡಿ ಸಮಾಧಿ ಮಾಡಿದ್ರು. ಅದು ದೊಡ್ಡ ಗೌರವ. ಅದೇ ಹೊತ್ತಿಗೆ ಬದುಕಿರೋರಿಗೆ ಒಂದು ಸಂದೇಶ. ಸಾವಿನ ಗುರುತುಗಳು ಸತ್ತವರಿಗಿಂತ ಬದುಕಿರೋರ ಜೊತೆ ಜಾಸ್ತಿ ಮಾತಾಡುತ್ವೆ.

ಇನ್ನು ತಲೆಬರಹದ ನಾಯಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕಾಲ ಸುಮಾರು 949-950. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರ ಅನ್ನೋ ವೀರ ಚೋಳರ ವಿರುದ್ಧದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಹೆಸರಿನ ಬೇಟೆನಾಯಿ. ಆ ನಾಯಿ ಒಂದು ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಅಷ್ಟೇ ಅಲ್ಲ, ಪೂಜೆ ಮಾಡದೆ ಊಟ ಮಾಡಿದ್ರೆ ಪೂಜಾರಿಗೆ ಪಾಪ ಅಂತ ಷರತ್ತನ್ನೂ ಬರೆಸಿದ. ಕಲ್ಲಲ್ಲಿ ನಾಯಿಯೂ ಹಂದಿಯೂ ಎದುರುಬದುರು ನಿಂತಿವೆ. ಅದೇ ಕಲ್ಲಿನ ಬರಹದಲ್ಲಿ ರಾಷ್ಟ್ರಕೂಟರು ಚೋಳರನ್ನ ಗೆದ್ದ ತಕ್ಕೋಲದ ಯುದ್ಧದ ವಿಷಯವೂ ಇದೆ. ನಾಯಿ ಸತ್ತಿದ್ದಕ್ಕೆ ಇಷ್ಟೆಲ್ಲ ಚರಿತ್ರೆ ನಮಗೆ ಉಳೀತು.

ಬೆಂಗಳೂರು ಅನ್ನೋ ಹೆಸರೇ ತಗೊಳ್ಳಿ. ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ರ ಒಂದು ಶಾಸನ ಇದೆ. ಬೆಂಗಳೂರ ಕಾಳಗದಲ್ಲಿ ಬುಟ್ಟಣ ಶೆಟ್ಟಿ ಅನ್ನೋನು ಸತ್ತ ಅನ್ನುತ್ತೆ. ಐಟಿ ಸಿಟಿಯ ಹೆಸರಿಗೆ ಇರೋ ಹಳೆಯ ಸಾಕ್ಷಿ ಒಂದು ಸಾವಿನ ದಾಖಲೆ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಇದಕ್ಕಿಂತ ಹಳೇದು, ಗಂಗರ ಶ್ರೀಪುರುಷನ ಕಾಲ, ಸುಮಾರು 750. ಶತ್ರುಗಳು ದಾಳಿ ಮಾಡಿದಾಗ ಕಿತ್ತಯ್ಯ ಹೋರಾಡಿ ಸತ್ತ. 2018ರಲ್ಲಿ ಆ ಕಲ್ಲು ಬೆಳಕಿಗೆ ಬಂದಾಗ ಅದನ್ನ ಉಳಿಸಿದ್ದು ಶಾಸನಪ್ರಿಯ ನಾಗರಿಕರ ಗುಂಪು ಮತ್ತು ಅಲ್ಲಿನ ನಿವಾಸಿಗಳು. ನೀವು ಬಸ್ಸಲ್ಲಿ ಮೆಜೆಸ್ಟಿಕ್‌ಗೆ ಹೋಗುವಾಗ ದಾಟೋ ಹೆಬ್ಬಾಳ ಅದೇ.

ಹೆಸರು ಯಾರದು?

ಈಗ ಕಷ್ಟದ ಕಲ್ಲು. ಮಾಸ್ತಿಗಲ್ಲು, ಅಂದ್ರೆ ಮಹಾಸತಿ ಕಲ್ಲು. ಗುರುತು ಸುಲಭ: ಒಂದು ಕಂಬದಿಂದ ಮೊಣಕೈ ಮಡಿಸಿ ಮೇಲಕ್ಕೆತ್ತಿದ ಹೆಣ್ಣಿನ ಕೈ ಹೊರಟಿರುತ್ತೆ. ಕೈತುಂಬ ಬಳೆ. ಬೆರಳುಗಳ ನಡುವೆ ನಿಂಬೆಹಣ್ಣು. ಗಂಡನ ಜೊತೆ ಸತ್ತ ಹೆಂಡತಿಯ ನೆನಪಿಗೆ ನಿಲ್ಲಿಸಿದ್ದು. ಬಳೆ ಒಡೆದಿಲ್ಲ, ಅಂದ್ರೆ ಅವಳು ವಿಧವೆ ಆಗಲಿಲ್ಲ, ಮುತ್ತೈದೆಯಾಗೇ ಹೋದಳು ಅನ್ನೋದು ಅದರ ಅರ್ಥ. ನಮ್ಮ ಕಡೆ ಇವನ್ನ ಮಾಸ್ತಿಯಮ್ಮ ಅಂತ ಪೂಜೆ ಮಾಡ್ತಾರೆ.

ಎಷ್ಟೋ ಮಾಸ್ತಿಗಲ್ಲುಗಳಲ್ಲಿ ಅಕ್ಷರವೇ ಇರಲ್ಲ. ಕೈ ಇದೆ, ಬಳೆ ಇದೆ, ಹೆಸರಿಲ್ಲ. ಹೆಸರು ಇರೋ ಒಂದು ಕಲ್ಲನ್ನ ನೋಡೋಣ. ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನದು, 1057ರದು. ದೇಕಬ್ಬೆ ಅನ್ನೋ ಹೆಣ್ಣುಮಗಳು. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನ ಕೊಂದ. ರಾಜಾಜ್ಞೆಯ ಮೇಲೆ ಅವನನ್ನ ತಲಕಾಡಿಗೆ ಹಿಡಿದೊಯ್ದು ಕೊಂದ್ರು. ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹೋಗ್ತೀನಿ ಅಂದಳು. ತಂದೆ ತಾಯಿ, ನೆಂಟರು ಬೇಡ ಬೇಡ ಅಂತ ಬೇಡಿಕೊಂಡ್ರು. ಅವಳು ಕೇಳಲಿಲ್ಲ. ಕೊನೆಗೆ ತವರಿನವರೇ ಕಲ್ಲು ನಿಲ್ಲಿಸಿದ್ರು.

ಆ ಶಾಸನ ಅವಳನ್ನ ಹೊಗಳುತ್ತೆ. ಆದ್ರೆ ಅದೇ ಶಾಸನದೊಳಗೆ ಮಗಳನ್ನ ತಡೆಯೋಕೆ ಒದ್ದಾಡಿದ ಅಪ್ಪ ಅಮ್ಮನೂ ಇದ್ದಾರೆ. ಸಾವಿನ ಗುರುತು ಓದೋದು ಅಂದ್ರೆ ಇದು: ಕಲ್ಲು ಜೋರಾಗಿ ಹೇಳೋದನ್ನೂ ಕೇಳಬೇಕು, ಮೆಲ್ಲಗೆ ಹೇಳೋದನ್ನೂ ಕೇಳಬೇಕು. ಹೆಣ್ಣನ್ನ ಮದುವೆಯ ಮೂಲಕವೇ ಅಳೆಯೋದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಕ್ರಿಸ್ತಪೂರ್ವ ಆರನೇ ಶತಮಾನದ ಗ್ರೀಸ್‌ನಲ್ಲಿ ಫ್ರಾಸಿಕ್ಲೇಯಾ ಅನ್ನೋ ಹುಡುಗಿಯ ಸಮಾಧಿ ಮೇಲೆ ಒಂದು ಚೆಂದದ ಪ್ರತಿಮೆ ನಿಲ್ಲಿಸಿದ್ರು. ಮದುವೆ ಬದಲು ದೇವರು ನನಗೆ ಕೊಟ್ಟಿದ್ದು ಕನ್ಯೆ ಅನ್ನೋ ಹೆಸರು ಮಾತ್ರ, ಇನ್ನು ಯಾವಾಗಲೂ ಅದೇ ಹೆಸರು ಅನ್ನೋ ಅರ್ಥದ ಮಾತನ್ನ ಅವಳೇ ಹೇಳೋ ಹಾಗೆ ಕೆಳಗೆ ಕೆತ್ತಿದ್ದಾರೆ.

ಸತಿ ಪದ್ಧತಿಯನ್ನ ಬ್ರಿಟಿಷ್ ಸರ್ಕಾರ 1829ರಲ್ಲಿ ಬಂಗಾಳದಲ್ಲಿ ನಿಷೇಧಿಸಿತು. ಸ್ವತಂತ್ರ ಭಾರತದಲ್ಲಿ 1987ರ ಕಾಯ್ದೆ ಸತಿಯನ್ನ ವೈಭವೀಕರಿಸೋದನ್ನೂ ಅಪರಾಧ ಅನ್ನುತ್ತೆ. ಹಾಗಂತ ಮಾಸ್ತಿಗಲ್ಲನ್ನ ಕಿತ್ತು ಹಾಕಬೇಕಾ? ಬೇಡ. ಆ ಕೈಯನ್ನ ಕಿತ್ತರೆ ಆ ಹೆಣ್ಣಿಗೆ ಇದ್ದ ಒಂದೇ ಒಂದು ಗುರುತೂ ಹೋಗುತ್ತೆ. ಕಲ್ಲು ಇರಲಿ, ಕಥೆಯನ್ನ ನಾವು ಸರಿಯಾಗಿ ಹೇಳೋಣ.

ಸಾವನ್ನ ತಾವಾಗಿ ಆರಿಸಿಕೊಂಡ ಇನ್ನೊಂದು ದಾರಿ ಜೈನರದು. ಊಟ ನೀರು ಕಡಿಮೆ ಮಾಡ್ತಾ ಬಿಡೋ ಸಲ್ಲೇಖನ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹಾಗೆ ಸತ್ತವರ ಹೆಸರು ಸುಮಾರು 600ನೇ ಇಸವಿಯಿಂದ ಇವೆ. ಸನ್ಯಾಸಿನಿಯರ ಹೆಸರುಗಳೂ ಅಲ್ಲಿವೆ. ಈ ಇಡೀ ವಿಷಯವನ್ನ ಜೀವನವಿಡೀ ಓದಿದ ಕನ್ನಡಿಗ ಷ. ಶೆಟ್ಟರ್. ಅವರ ‘ಸಾವಿಗೆ ಆಹ್ವಾನ’ ಪುಸ್ತಕ ಹುಡುಕಿ ಓದಿ. ವೀರಗಲ್ಲುಗಳ ಬಗ್ಗೆ ಬೇಕಾದ್ರೆ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಇದೆ.

ಇವತ್ತಿನ ಮಣ್ಣು

ಇದೆಲ್ಲ ಹಳೇ ಕಥೆ ಅಂದ್ಕೋಬೇಡಿ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸೋಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. ಇವತ್ತು ಅಲ್ಲಿ ಹುತಾತ್ಮರ ಸ್ಮಾರಕ ಇದೆ. ಸತ್ತವರಿಗೆ ಊರ ಮುಂದೆ ಗುರುತು ನಿಲ್ಲಿಸೋ ಸಾವಿರ ವರ್ಷದ ಅಭ್ಯಾಸ ಹಾಗೇ ಮುಂದುವರಿದಿದೆ. ಅಂದಹಾಗೆ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ಇರೋ ನಾಗರಕಲ್ಲುಗಳು ಹರಕೆಯ ಕಲ್ಲುಗಳು, ಸಾವಿನವಲ್ಲ. ಗೊಂದಲ ಬೇಡ. ಹೆಡೆ ಇದ್ರೆ ಹರಕೆ, ಆಯುಧ ಇದ್ರೆ ವೀರ, ಎತ್ತಿದ ಕೈ ಇದ್ರೆ ಮಾಸ್ತಿ. ಇಷ್ಟು ನೆನಪಿಟ್ಟುಕೊಂಡ್ರೆ ಅರ್ಧ ಕೆಲಸ ಆಯ್ತು.

ಮನೆಗಳಲ್ಲೂ ಇದೆ. ಪಿತೃಪಕ್ಷ ಬಂತು ಅಂದ್ರೆ ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ಇಟ್ಟು ಎಡೆ ಹಾಕ್ತೀವಿ. ಬೀಡಿ ಸೇದ್ತಿದ್ದ ತಾತನಿಗೆ ಬೀಡಿ ಕಟ್ಟು ಇಡ್ತೀವಿ. ಬೃಹತ್ ಶಿಲಾಯುಗದವರು ಸಮಾಧಿಯೊಳಗೆ ಮಡಕೆ ಇಟ್ಟಿದ್ದು ಯಾಕೆ ಅಂತ ತಲೆ ಕೆಡಿಸಿಕೊಳ್ಳೋ ವಿದ್ಯಾರ್ಥಿ ಮೊದಲು ತನ್ನ ಅಜ್ಜಿ ಎಡೆ ಇಡೋದನ್ನ ಕೂತು ನೋಡಬೇಕು. ಅದೇ ಉತ್ತರ ಅಂತಲ್ಲ. ಒಂದು ಎಡೆಯಲ್ಲಿ ಎಷ್ಟು ಅರ್ಥ ಇರಬಹುದು ಅನ್ನೋದು ಆಗ ಗೊತ್ತಾಗುತ್ತೆ.

ಆದ್ರೆ ಜಾಗ ಕಡಿಮೆ ಆಗ್ತಿದೆ. ನಮ್ಮ ಕಡೆ ರೈತರು ಹಿರಿಯರನ್ನ ತಮ್ಮ ಜಮೀನಿನಲ್ಲೇ ಮಣ್ಣು ಮಾಡೋದು ರೂಢಿ. ಏರ್‌ಪೋರ್ಟ್ ಬಂದ ಮೇಲೆ ಜಮೀನಿನ ಬೆಲೆ ಏರಿತು. ಹೊಲ ಮಾರಿದ್ರೆ ಅಜ್ಜನ ಸಮಾಧಿಯೂ ಅದರ ಜೊತೆಗೇ ಹೋಗುತ್ತೆ. ಜಮೀನೇ ಇಲ್ಲದವರ ಗತಿ? ಸ್ಮಶಾನಕ್ಕೆ ಜಾಗ ಇಲ್ಲದ ಹಳ್ಳಿಗಳ ವಿಷಯ ಕರ್ನಾಟಕ ಹೈಕೋರ್ಟ್‌ವರೆಗೂ ಹೋಗಿದೆ. ಈ ಕೊರತೆಯ ಬಿಸಿ ಹೆಚ್ಚು ತಟ್ಟೋದು ಭೂಮಿ ಇಲ್ಲದ ದಲಿತ ಕುಟುಂಬಗಳಿಗೆ. ಹೆಣಕ್ಕೆ ಆರಡಿ ಮೂರಡಿ ಜಾಗ ಯಾರಿಗೆ ಸಿಗುತ್ತೆ ಅನ್ನೋ ಪ್ರಶ್ನೆ ಕಬ್ಬಿಣದ ಯುಗದಲ್ಲೂ ಇತ್ತು. ಅಂಥ ಚಪ್ಪಡಿ ಎಳೆಯೋಕೆ ಹತ್ತಾರು ಆಳು ಬೇಕು. ಎಲ್ಲರಿಗೂ ಅಂಥ ಸಮಾಧಿ ಸಿಕ್ಕಿರೋಕೆ ಸಾಧ್ಯವೇ ಇಲ್ಲ. ಸಮಾಧಿ ಎಣಿಸಿದಷ್ಟೇ ಮುಖ್ಯ, ಸಮಾಧಿ ಸಿಗದವರು ಎಷ್ಟು ಜನ ಅಂತ ಯೋಚಿಸೋದು.

ಕೈಯಲ್ಲಿ ಫೋನ್ ಇದ್ರೆ ಸಾಕು

ಕಲ್ಲು ಕ್ವಾರಿ, ರಸ್ತೆ ಅಗಲೀಕರಣ, ಲೇಔಟ್, ನಿಧಿಗಳ್ಳರು. ಇವುಗಳ ನಡುವೆ ಪ್ರತಿ ಕಲ್ಲಿಗೂ ಇಲಾಖೆ ಕಾವಲು ಹಾಕೋಕೆ ಆಗಲ್ಲ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನ ಕಲ್ಲುಗಳನ್ನ 3ಡಿ ಸ್ಕ್ಯಾನ್ ಮಾಡಿ ಡಿಜಿಟಲ್ ಆಗಿ ಉಳಿಸ್ತಿದ್ದಾರೆ. ನಾವು ಅಷ್ಟು ದೊಡ್ಡದು ಮಾಡೋದು ಬೇಡ. ಐದು ಸಣ್ಣ ಕೆಲಸ ಸಾಕು.

ಒಂದು, ಕತ್ತಲಾದ ಮೇಲೆ ಹೋಗಿ. ಫೋನ್ ಟಾರ್ಚನ್ನ ಎದುರಿಂದ ಹಿಡೀಬೇಡಿ, ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡೀರಿ. ಹಗಲಲ್ಲಿ ಕಾಣದ ಸವೆದ ಅಕ್ಷರಗಳ ನೆರಳು ಎದ್ದು ಬರುತ್ತೆ. ನಾಲ್ಕು ದಿಕ್ಕಿಂದ ನಾಲ್ಕು ಫೋಟೋ ತೆಗೀರಿ.

ಎರಡು, ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡ್ರಿ. ಫೋನಲ್ಲಿ ಲೊಕೇಶನ್ ಆನ್ ಇರಲಿ.

ಮೂರು, ಉಜ್ಜಬೇಡಿ. ತಂತಿ ಬ್ರಷ್, ಆಸಿಡ್, ಸುಣ್ಣ, ಬಣ್ಣ ಯಾವುದೂ ಬೇಡ. ಅಕ್ಷರ ಕಾಣಲಿ ಅಂತ ಚಾಕ್‌ಪೀಸ್ ತುಂಬೋದೂ ಬೇಡ. ಕಲ್ಲನ್ನ ಎತ್ತಿ ಬೇರೆ ಕಡೆ ಇಡಬೇಡಿ, ಅದು ನಿಂತಿರೋ ಜಾಗವೇ ಅರ್ಧ ಮಾಹಿತಿ.

ನಾಲ್ಕು, ಊರಿನ ಹಿರಿಯರನ್ನ ಕೇಳಿ. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಹಾಗಾಗಿ ತೆಲುಗಲ್ಲೂ ಕೇಳಿ. ಕಲ್ಲಿಗೆ ಏನು ಹೆಸರು, ಯಾವತ್ತು ಪೂಜೆ, ಯಾವ ಮನೆಯವರು ಮಾಡ್ತಾರೆ ಅಂತ ರೆಕಾರ್ಡ್ ಮಾಡ್ಕೊಳ್ಳಿ. ಕಲ್ಲು ಇನ್ನೂ ನೂರು ವರ್ಷ ಇರುತ್ತೆ, ಹೇಳೋ ಅಜ್ಜಿ ಇರಲ್ಲ.

ಐದು, ಫೋಟೋಗಳನ್ನ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳಿಸಿ, ಗ್ರಾಮ ಪಂಚಾಯ್ತಿಗೂ ಒಂದು ಅರ್ಜಿ ಕೊಡಿ. ಉತ್ತರ ಬರೋದು ತಡ ಆಗಬಹುದು. ಆದ್ರೆ ನಾಳೆ ಜೆಸಿಬಿ ಬಂದಾಗ ಇಲ್ಲಿ ಒಂದು ಕಲ್ಲಿತ್ತು ಅನ್ನೋದಕ್ಕೆ ನಿಮ್ಮ ಅರ್ಜಿಯೇ ಸಾಕ್ಷಿ.

ಡೆಕ್ಸಿಲಿಯೋಸ್ ಸತ್ತು 2400 ವರ್ಷ ಆಯ್ತು. ಅವನ ವಯಸ್ಸು ಎಷ್ಟಿತ್ತು ಅಂತ ಅಥೆನ್ಸ್‌ಗೆ ಹೋದ ಯಾವ ಪ್ರವಾಸಿ ಬೇಕಾದ್ರೂ ತಿಳ್ಕೋಬಹುದು. ನಿಮ್ಮ ಊರ ಕೆರೆ ಏರಿ ಮೇಲೆ ನಿಂತಿರೋನ ಹೆಸರು ಅವನ ಕಲ್ಲಿನ ಮೇಲೇ ಬರೆದಿರಬಹುದು, ಓದಿದವರು ಇಲ್ಲ ಅಷ್ಟೆ. ಈ ಭಾನುವಾರ ಒಂದು ಟಾರ್ಚ್ ತಗೊಂಡು ಹೋಗಿ. ಏನು ಸಿಕ್ತು ಅಂತ ನನಗೂ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸೋಣ.

ಸಿಗೋಣ, ನಮಸ್ಕಾರ.